ಕಾಕಾನ ಕುದುರೆ ಮತ್ತು ಅರ್ಧ ಕಪ್ ಚಹಾ

ಕುದುರೆಗೂ ರಿವರ್ಸ್ ಗೇರ್ ಇರುತ್ತದೆ ಎಂದು ನಂಬಿದ್ದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಅವನು ನನ್ನ ಕಾಕಾ, ನಮ್ಮಪ್ಪನ ತಮ್ಮ. ಬರೀ ನಂಬಿದ್ದಲ್ಲ, ಆ ಗೇರು ಹಾಕಿಯೂ ತೋರಿಸುತ್ತಿದ್ದ! ಬೇವೂರಿನ ಅವನ ಮನೆಯ ಪಕ್ಕದಲ್ಲಿ ಒಂದು ಇಕ್ಕಟ್ಟಾದ ಸಂದಿ ಇದೆ. ದಿನಾ ಸಂಜೆ ತನ್ನ ಬಿಳಿ ಕುದುರೆಯನ್ನು ಆ ಸಂದಿಯೊಳಗೆ ಹಿಂದು ಹಿಂದಕ್ಕೆ ನಡೆಸಿ, ಬಾಲ ಒಳಗೆ, ಮುಖ ಹೊರಗೆ ಮಾಡಿ ನಿಲ್ಲಿಸುತ್ತಿದ್ದ. ಯಾಕೆ ಎಂದು ಕೇಳಿದರೆ, "ಮುಂಜಾನಿ ಹೊರಡಾಕ ಸರಳ ಆಕ್ಕೈತಿ" ಅನ್ನುತ್ತಿದ್ದ. ಆ ಸಂದಿಗೆ ಅವನು ಇಟ್ಟ ಹೆಸರು ಡಿಪೋ.

ಕಾಕಾ ಮೂವತ್ತು ವರ್ಷ ಸರ್ಕಾರಿ ಬಸ್ಸಿನ ಡ್ರೈವರನಾಗಿದ್ದವನು. ಕೊಪ್ಪಳ, ಕುಷ್ಟಗಿ, ಗಂಗಾವತಿ, ಯಲಬುರ್ಗಾ ಎಂದು ಈ ನಾಲ್ಕೂರ ನಡುವಿನ ಪ್ರತಿ ಗುಂಡಿಯ ಪರಿಚಯ ಅವನಿಗಿತ್ತು. ನಿವೃತ್ತರಾದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಮನೆಯ ಮೇಲೆ ಇನ್ನೊಂದು ಮನೆ ಕಟ್ಟುತ್ತಾರೆ, ಕಾಶಿಗೆ ಹೋಗಿ ಬರುತ್ತಾರೆ, ಇಲ್ಲವೇ ಹೆಂಡತಿಯ ಸಾರಿನಲ್ಲಿ ಉಪ್ಪು ಹೆಚ್ಚಾಯಿತೆಂದು ಕಂಡುಹಿಡಿಯುತ್ತಾರೆ. ನಮ್ಮ ಕಾಕಾ ಮಾತ್ರ ಹನುಮಸಾಗರದ ಕಡೆ ಹೋದವನು ಒಂದು ಬಿಳಿ ಹೆಣ್ಣು ಕುದುರೆಯನ್ನು ಹಿಡಿದುಕೊಂಡು ಬಂದ. ಮದುವೆ ಮೆರವಣಿಗೆಗೆ ಕೊಡುತ್ತೇನೆ ಎಂದ. ಚಿಗವ್ವ ಬಾಗಿಲಲ್ಲಿ ನಿಂತು ಕುದುರೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

"ಸವತಿ ತರೂದಿತ್ತಂದ್ರ ಎರಡ ಕಾಲಿಂದು ತರಬೇಕಿತ್ತು. ಮನಿಗೆಲಸಕ್ಕರ ಆಕ್ಕಿದ್ಲು!"

ಸವತಿಗೆ ಬೆಳ್ಳವ್ವ ಎಂದು ಹೆಸರಾಯಿತು. ಕೊರಳಿಗೆ ನಿಂಬೆಹಣ್ಣು, ಮೆಣಸಿನಕಾಯಿ ಬಂತು. ಹೊರಡುವ ಮೊದಲು ಕಾಕಾ ಒಂದು ಕೋಲಿನಿಂದ ನಾಲ್ಕೂ ಗೊರಸನ್ನು ಟಕಟಕ ಬಡಿದು ಗಾಳಿ ಪರೀಕ್ಷೆ ಮಾಡುತ್ತಿದ್ದ. "ರೈಟ್" ಅಂದರೆ ಬೆಳ್ಳವ್ವ ಹೊರಡುತ್ತಿದ್ದಳು. ತೊಂದರೆ ಏನೆಂದರೆ, ದಾರಿಯಲ್ಲಿ ಬಸ್ ಸ್ಟಾಪ್ ಕಂಡಲ್ಲೆಲ್ಲ ಕಾಕಾ ನಿಲ್ಲುತ್ತಿದ್ದ. ಅವನು ನಿಂತಲ್ಲಿ ಅವಳೂ ನಿಲ್ಲುತ್ತಿದ್ದಳು. ಒಮ್ಮೆ ಒಂದು ಮೆರವಣಿಗೆ ಅರ್ಧ ದಾರಿಯಲ್ಲಿ, ಬಸ್ ಸ್ಟಾಪಿನ ಮುಂದೆ, ಬ್ಯಾಂಡು ಬಾಜಾ ಸಮೇತ ನಿಂತುಬಿಟ್ಟಿತು. ಮೇಲೆ ಕೂತ ಮದುಮಗ ಬೆವರು ಒರೆಸಿಕೊಳ್ಳುತ್ತ, "ಯಜಮಾನ್ರ, ಇನ್ನ ಯಾರರ ಹತ್ತೋರು ಅದಾರೇನ್ರಿ?" ಎಂದು ಕೇಳಿದನಂತೆ.

ಬೆಳ್ಳವ್ವನಂಥ ಸಮಾಧಾನದ ಜೀವವನ್ನು ನಾನು ಮನುಷ್ಯರಲ್ಲಿಯೂ ಕಂಡಿಲ್ಲ. ಕಿವಿಯ ಬುಡದಲ್ಲಿ ಪಟಾಕಿ ಹೊಡೆದರೂ ಕಣ್ಣು ಪಿಳುಕಿಸುತ್ತಿರಲಿಲ್ಲ. ಡಿಜೆ ಸದ್ದಿಗೆ ಅಕ್ಕಪಕ್ಕದ ಮನೆಯ ಕಿಟಕಿ ಗಾಜು ಅದುರಿದರೂ ನಿದ್ದೆಗಣ್ಣಿನಲ್ಲೇ ಇರುತ್ತಿದ್ದಳು. ಒಂದು ಮದುವೆಯಲ್ಲಿ ಗಾಳಿ ಬೀಸಿ ಇಡೀ ಶಾಮಿಯಾನ ಮದುಮಗ ಮತ್ತು ಕುದುರೆಯ ಮೇಲೆ ಬಿತ್ತು. ಹತ್ತು ಮಂದಿ ಸೇರಿ ಬಟ್ಟೆ ಎತ್ತಿ ನೋಡಿದರೆ, ಮದುಮಗ ಕುದುರೆಯ ಕುತ್ತಿಗೆ ತಬ್ಬಿಕೊಂಡು ಅಳುತ್ತಿದ್ದ, ಬೆಳ್ಳವ್ವ ಅವನ ಹಾರದ ಚೆಂಡು ಹೂವನ್ನು ಒಂದೊಂದಾಗಿ ತಿನ್ನುತ್ತಿದ್ದಳು. ಮದುಮಗನ ಅಪ್ಪ ಕಾಕಾನ ಕೈ ಹಿಡಿದು, "ಇಷ್ಟು ಸಮಾಧಾನದ ಹೆಣ್ಣು ನಮ್ಮ ಮನ್ಯಾಗ ಒಂದೂ ಇಲ್ರಿ" ಎಂದು ಕಣ್ಣೊರೆಸಿಕೊಂಡರು.

ಮದುವೆಯ ಕುದುರೆ ಬರೀ ಸುಮ್ಮನಿದ್ದರೆ ಸಾಲದು, ಹೊತ್ತಿಗೆ ಸರಿಯಾಗಿ ಕುಣಿಯಲೂ ಬೇಕು. ಬೆಳ್ಳವ್ವ ಮುಂಗಾಲು ಎತ್ತೆತ್ತಿ, ಕತ್ತು ಕೊಂಕಿಸಿ ಕುಣಿಯುತ್ತಿದ್ದಳು. ಹಲಗಿಯ ಸದ್ದಿಗೇ ಕುಣಿಯುತ್ತಾಳೆ ಎಂದು ಮಂದಿ ಅಂದುಕೊಂಡಿದ್ದರು. ಹಲಗಿ ಬಾರಿಸುವವರಂತೂ ಅದನ್ನು ನಂಬಿ ಮೀಸೆ ತಿರುವುತ್ತಿದ್ದರು. ನಿಜವಾದ ಗುಟ್ಟನ್ನು ಕಾಕಾ ನನಗೊಬ್ಬಳಿಗೇ ಹೇಳಿದ್ದ. ನಾನು ಕುದುರೆ ಕಂಡರೆ ಮಾರು ದೂರ ಓಡುವವಳು, ಜನ್ಮದಲ್ಲಿ ಹಗ್ಗ ಹಿಡಿಯುವುದಿಲ್ಲ ಎಂಬ ಧೈರ್ಯ ಅವನಿಗಿತ್ತು.

"ಹಗ್ಗ ಅಂದ್ರ ಸ್ಟೇರಿಂಗ್ ಇದ್ದಂಗವ್ವ. ಎರಡ ಬೆರಳಿಂದ ಸಣ್ಣಗ ಅಲಗಿಸಿದ್ರ ಕುಣಿತಾಳ. ಹಗ್ಗ ಸುಮ್ನಿದ್ರ ತಾನೂ ಸುಮ್ನ ನಿಂದರ್ತಾಳ. ಮಂದಿ ಕಣ್ಣಿಗೆ ಕಾಣಬಾರದು, ಆಕಿ ಕುತ್ತಿಗಿಗೆ ಅಷ್ಟ ತಿಳೀಬೇಕು."

ಹೀಗೆ ಏಳೆಂಟು ವರ್ಷ ಚೆನ್ನಾಗಿ ನಡೆಯಿತು. ಇತ್ತೀಚೆಗೆ ಒಂದು ವರ್ಷದಿಂದ ಕಾಕಾನ ತಲೆ ಮಾತ್ರ ಇನ್ನಷ್ಟು ತಿರುಗತೊಡಗಿತು. ಮೂವತ್ತು ವರ್ಷ ಮೊದಲ ಬಸ್ಸು ಹೊರಡುವ ಮುನ್ನವೇ ನುಣ್ಣಗೆ ಗಡ್ಡ ಬೋಳಿಸುತ್ತಿದ್ದ ಮನುಷ್ಯ ಏಕಾಏಕಿ ಗಡ್ಡ ಬಿಟ್ಟ. ಯಾಕೆ ಕಾಕಾ ಎಂದರೆ, "ಕುದ್ರಿಗೆ ಜೂಲ ಇರಬಹುದು, ನನಗ ಗಡ್ಡ ಇರಬಾರದೇನು?" ಎಂದ. ಅಂಗಿ ತೊಡುವುದನ್ನು ಬಿಟ್ಟು, ಗುಂಡಿಯೇ ಇಲ್ಲದ ಅಗಲ ಜುಬ್ಬಾ ಹೊಲಿಸಿಕೊಂಡ. "ಗುಂಡಿ ಹಾಕ್ಕೊಂತ ಕುಂತ್ರ ಟ್ರಿಪ್ ತಪ್ಪತೈತಿ" ಎಂಬುದು ಅದಕ್ಕೆ ಕಾರಣ. ಮದುವೆ ಮನೆಗಳಲ್ಲಿ ಊಟಕ್ಕೆ ಕರೆದರೆ ಹಸಿವಿಲ್ಲ ಎಂದು ಕುದುರೆಯ ಹತ್ತಿರವೇ ಉಳಿದುಬಿಡುತ್ತಿದ್ದ. ನಮ್ಮ ಬಳಗದವರೆಲ್ಲ ಅವನು ಸನ್ಯಾಸಿಯಾಗುತ್ತಾನೆ ಎಂದು ತೀರ್ಮಾನಿಸಿದರು. ಮಠ ಯಾವುದು ಎಂಬುದೊಂದೇ ಉಳಿದ ಪ್ರಶ್ನೆ!

ಎಲ್ಲಕ್ಕಿಂತ ತಮಾಷೆಯೆಂದರೆ ಅವನ ಚಹಾ. ಕಾಕಾ ಮೊದಲೆಲ್ಲ ತುಂಬಿದ ಕಪ್ಪು ಕುಡಿದು, ಕೆಳಗಿನ ಬಸಿಗೆ ಚೆಲ್ಲಿದ್ದನ್ನೂ ಸುರ್ ಎಂದು ಹೀರುವವನು. ಈಗ "ಅರ್ಧಾ ಹಾಕು" ಅನ್ನತೊಡಗಿದ. ಆ ಅರ್ಧ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಯ ಕಡೆ ತಿರುಗಿ, ಕದ್ದು ಕುಡಿಯುವವರಂತೆ ಕುಡಿಯುತ್ತಿದ್ದ. ನನಗೆ ನಕಲು ಮಾಡುವ ಚಟ ಸ್ವಲ್ಪ ಉಂಟು. ಕೊಪ್ಪಳದಲ್ಲಿ ಹೈಸ್ಕೂಲಿನ ಮೇಷ್ಟ್ರಗಿತ್ತಿಯಾಗಿರುವ ನನಗೆ ಮಕ್ಕಳು ಕಲಿಸಿದ್ದು ಅದೊಂದೇ. ದೀಪಾವಳಿಗೆ ಎಲ್ಲರೂ ಸೇರಿದಾಗ ಸೆರಗನ್ನು ಗಡ್ಡ ಮಾಡಿಕೊಂಡು, ಗೋಡೆಗೆ ಮುಖ ಮಾಡಿ, ಅರ್ಧ ಕಪ್ ಚಹಾ ಕುಡಿದು ತೋರಿಸಿದೆ. ಮನೆ ತುಂಬ ನಗೆಯೋ ನಗೆ! ಕಾಕಾ ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಚಿಗವ್ವ ಒಬ್ಬಳು ಎದ್ದು ಒಳಗೆ ಹೋದಳು. ಒಲೆಯ ಮೇಲೆ ಏನೋ ಇಟ್ಟಿರಬೇಕು ಎಂದುಕೊಂಡೆ.

ಬೆಳ್ಳವ್ವನ ತಲೆ ಕೆಟ್ಟಿದ್ದು ಆ ದೀಪಾವಳಿಯ ನಂತರ. ಕುಷ್ಟಗಿಯ ಒಂದು ಮದುವೆ. ಮದುಮಗನನ್ನು ಹೊತ್ತು ಛಲೋ ನಡೆದುಬಂದವಳು, ಗುಡಿಯ ಮುಂದೆ ಆರತಿಗೆ ನಿಲ್ಲಿಸಿದ ಕೂಡಲೇ ಕುಣಿಯತೊಡಗಿದಳು. ಹಲಗಿ ನಿಂತಿತ್ತು, ಬ್ಯಾಂಡು ನಿಂತಿತ್ತು, ಅವಳೊಬ್ಬಳು ನಿಲ್ಲಲಿಲ್ಲ. ಆರತಿ ತಟ್ಟೆ ಒಂದು ಕಡೆ, ಮದುಮಗನ ರುಮಾಲು ಒಂದು ಕಡೆ, ಅವನ ಅತ್ತೆಯಾಗುವವರು ಇನ್ನೊಂದು ಕಡೆ. "ನಿಂದರವ್ವಾ, ನಿಂದರ" ಎಂದು ಕಾಕಾ ಹಗ್ಗವನ್ನು ಬಿಗಿಯಾಗಿ ಹಿಡಿದಷ್ಟೂ ಅವಳಿಗೆ ಹುರುಪು ಹೆಚ್ಚಾಯಿತು. ಒಂದು ಸಲ ಹೀಗಾಯಿತು, ಹೋಗಲಿ ಎಂದರು.

ಎರಡನೆಯದು ಹೋಗಲಿ ಅನ್ನುವಂಥದ್ದಲ್ಲ. ಯಲಬುರ್ಗಾದಿಂದ ಬರುವಾಗ ಎದುರಿಗೆ ಹೆಣ ಬಂತು. ಇಂಥ ಹೊತ್ತಿನಲ್ಲಿ ರಸ್ತೆಯ ಬದಿಗೆ ಸರಿದು, ತಲೆ ಬಾಗಿಸಿ ನಿಲ್ಲುವುದು ನಮ್ಮ ಕಡೆಯ ಪದ್ಧತಿ. ಕಾಕಾ ನಿಂತ, ತಲೆ ಬಾಗಿಸಿದ. ಬೆಳ್ಳವ್ವ ಕುಣಿಯತೊಡಗಿದಳು! ಸತ್ತವರ ಮನೆಯವರು ಅಳುವುದನ್ನು ಮರೆತು ನೋಡಿದರು. ಕಾಕಾನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತಂತೆ. ಹೆಣದ ಹಿಂದೆ ಬರುತ್ತಿದ್ದ ಒಬ್ಬ ಮುದುಕರು ಮಾತ್ರ, "ಬಿಡ್ರಿ, ಹೋದಾಂವಗ ಕುಣಿತ ಅಂದ್ರ ಭಾಳ ಜೀವಿತ್ತು. ಇದ್ದಿದ್ರ ತಾನೂ ಕೂಡ್ತಿದ್ದ" ಎಂದು ಮುಂದೆ ಹೋದರು.

ಊರಲ್ಲಿ ಕುದುರೆ ಒಂದೇ ಇದ್ದರೂ ಕುದುರೆಯ ಪಂಡಿತರಿಗೆ ಕೊರತೆಯೇ? ಒಬ್ಬರು ದೃಷ್ಟಿ ಎಂದರು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದ್ದಾಯಿತು. ಓಣಿಯವರೆಲ್ಲ ಕೆಮ್ಮಿದರು, ಬೆಳ್ಳವ್ವ ಕೆಮ್ಮಲಿಲ್ಲ. ಇನ್ನೊಬ್ಬರು ಹುರುಳಿ ಹೆಚ್ಚಾಗಿ ಮೈಯಲ್ಲಿ ಕಾವೇರಿದೆ ಎಂದರು. ಹುರುಳಿ ನಿಲ್ಲಿಸಿ ಬರೀ ಹುಲ್ಲು ಹಾಕಿದರು, ಸಪ್ಪಗೆ ಮುಖ ಮಾಡಿಕೊಂಡು ತಿಂದಳು, ಮರುದಿನ ನೀರಿನ ತೊಟ್ಟಿಯ ಹತ್ತಿರ ಕುಣಿದಳು. ಚಿಗವ್ವ ಯಾರಿಗೂ ಹೇಳದೆ ಬಸ್ಸು ಹತ್ತಿ ಹೇಮಗುಡ್ಡದ ದುರ್ಗವ್ವನಿಗೆ ಹರಕೆ ಹೊತ್ತು ಬಂದಳು. ಕಾಕಾನಿಗೆ ಸಂತೋಷವೋ ಸಂತೋಷ. "ಬಾಯಿಲೆ ಸವತಿ ಅಂತಾಳ, ಜೀವ ಎಷ್ಟೈತಿ ನೋಡು!" ಎಂದು ಊರೆಲ್ಲ ಹೇಳಿಕೊಂಡು ಬಂದ. ಏನು ಹರಕೆ ಎಂದು ನಾನು ಕೇಳಿದ್ದಕ್ಕೆ ಚಿಗವ್ವ, "ಹರಕಿ ಬಾಯಿ ಬಿಟ್ಟು ಹೇಳಬಾರದು" ಎಂದು ಕುಂಕುಮ ಹಚ್ಚಿ ಕಳಿಸಿದಳು.

ಕಡೆಗೆ ಪಶು ವೈದ್ಯರು ಬಂದರು. ಆ ದಿನ ನಾನೂ ಅಲ್ಲಿದ್ದೆ, ಬಾಗಿಲ ಹಿಂದೆ. ಕಾಕಾ ಹಗ್ಗ ಹಿಡಿದು ನಿಂತ, ಡಾಕ್ಟರು ಥರ್ಮಾಮೀಟರ್ ಹಿಡಿದು ಹಿಂದೆ ನಿಂತರು. ಬೆಳ್ಳವ್ವ ಕುಣಿಯತೊಡಗಿದಳು. ಆ ಥರ್ಮಾಮೀಟರ್ ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆ ಹೋಗುವ ಮೊದಲು ಡಾಕ್ಟರು ಅಂಗಳವನ್ನು ಮೂರು ಸುತ್ತು ಹಾಕಿದರು. ಕೊನೆಗೆ ಸುಸ್ತಾಗಿ, "ಆ ಕಂಬಕ್ಕ ಕಟ್ರಿ ಇದನ್ನ" ಎಂದರು. ಕಟ್ಟಿದ ಕೂಡಲೇ ಹಸುವಿನಂತೆ ನಿಂತಳು. ಹಲ್ಲು ನೋಡಿದರು, ಕಣ್ಣು ನೋಡಿದರು, ಬೆನ್ನು ಒತ್ತಿ ನೋಡಿದರು, ಗೊರಸು ಎತ್ತಿ ನೋಡಿದರು. ಎಲ್ಲಿಯೂ ನೋವಿಲ್ಲ, ಗಾಯವಿಲ್ಲ.

"ಏನೂ ಆಗಿಲ್ರಿ ಇದಕ್ಕ. ಕಟ್ಟಿದ್ರ ಸಾಧು, ಬಿಚ್ಚಿದ್ರ ಹುಚ್ಚು. ಇಂಥಾ ರೋಗ ನಾ ಓದಿಲ್ಲ ಬಿಡ್ರಿ" ಎಂದು ಬೆವರು ಒರೆಸಿಕೊಂಡು ಹೊರಟರು. ನಾನು ಈ ಮಾತನ್ನು ಸ್ಟಾಫ್ ರೂಮಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ.

ನಗದವನು ಕಾಕಾನ ಮಗ. ಅವನು ಕೊಪ್ಪಳದಲ್ಲಿ ಸರ್ಕಾರಿ ನೌಕರ, ಕಾಗದದ ಮೇಲೆ ಬರೆದಿಲ್ಲದ ಯಾವುದನ್ನೂ ನಂಬುವವನಲ್ಲ. ನನ್ನನ್ನೂ ಕರೆದುಕೊಂಡು ಬೇವೂರಿಗೆ ಬಂದು ಅಪ್ಪನ ಎದುರು ಕೂತ.

"ಅಪ್ಪಾ, ಮದಿಮಗ ಬಿದ್ದು ಕಾಲ ಮುರಕೊಂಡ ಅಂದ್ರ ಏನ್ ಗತಿ? ಗಂಗಾವತಿ ಕಡಿಂದ ಒಬ್ಬ ವ್ಯಾಪಾರಿ ಕೇಳಾಕತ್ಯಾನ, ಕೊಟ್ಟುಬಿಡು."

"ಒಯ್ದು ಏನ್ ಮಾಡ್ತಾನಂತ?"

ಮಗ, "ಇಟ್ಟಂಗಿ ಸುಡೋ ಭಟ್ಟಿಗೆ. ಬಂಡಿಗೆ ಹಚ್ಚತಾನ" ಎಂದ.

ಕಾಕಾ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಇತ್ತೀಚೆಗೆ ಹಾಗೆ ಕೂರುವುದು ಅವನ ಇನ್ನೊಂದು ವಿಚಿತ್ರ. ಹಾಗೇ ನನ್ನ ಕಡೆ ತಿರುಗಿದ. "ನಿನ್ನ ಮಗನ ಮದುವಿ ಐತೆಲ್ಲ ಬರೋ ತಿಂಗಳ. ಅದೊಂದು ನೋಡೂಣು. ಅದರಾಗೂ ತಪ್ಪಿದ್ಲು ಅಂದ್ರ ಮರುದಿನ ಮುಂಜಾನಿ ನಾನ ಕೈಯಾರೆ ಹಗ್ಗಾ ಕೊಡ್ತೀನಿ." ವ್ಯಾಪಾರಿಗೆ ಮದುವೆಯ ಮರುದಿನವೇ ಬಾ ಎಂದು ಹೇಳಿ ಕಳಿಸಿದರು. ಅಂದರೆ ಬೆಳ್ಳವ್ವನ ಹಣೆಬರಹ ಈಗ ನನ್ನ ಮಗನ ಬಾಸಿಂಗದ ಜೊತೆಗೇ ಕಟ್ಟಿದಂತಾಯಿತು.

ಮದುವೆ ಯಲಬುರ್ಗಾದಲ್ಲಿ. ಹನುಮಪ್ಪನ ಗುಡಿಯಿಂದ ಕಲ್ಯಾಣ ಮಂಟಪದವರೆಗೆ ಮೆರವಣಿಗೆ. ಕಾಕಾ ಬೆಳ್ಳವ್ವನನ್ನು ಕನ್ನಡಿಯಂತೆ ತೊಳೆದು ತಂದಿದ್ದ. ಬೆಳಿಗ್ಗೆಯಿಂದ ಅವಳ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದ. ನಾನು ಹತ್ತಿರ ಹೋದಾಗ ಕೇಳಿಸಿತು. "ಇವತ್ತೊಂದ ದಿನ ಸುಮ್ನಿರವ್ವ. ನಿನ್ನ ಕಾಲಿಗೆ ಬೀಳ್ತೀನಿ." ಎಪ್ಪತ್ತರ ಮನುಷ್ಯ ಕುದುರೆಯನ್ನು ಹೀಗೆ ಬೇಡಿಕೊಳ್ಳುವುದು ಕಂಡು ನನಗೆ ಆಗಲೂ ನಗುವೇ ಬಂತು ಎಂದು ಹೇಳಲು ಈಗ ನಾಲಿಗೆ ಏಳುವುದಿಲ್ಲ.

ಗುಡಿಯ ಮುಂದೆ ನನ್ನ ಮಗನನ್ನು ಹತ್ತಿಸಿದರು. ಇನ್ನೇನು ಹೊರಡಬೇಕು, ಬೀಗರು ಆಯೇರಿ ತಂದರು. ಆಯೇರಿ ಎಂದರೆ ಬೀಗರು ಹಿರಿಯರಿಗೆ ಬಟ್ಟೆ ಕೊಟ್ಟು ಮಾಡುವ ಮರ್ಯಾದೆ. ನಮ್ಮಪ್ಪ ಇಲ್ಲದ ಕಾರಣ ತವರಿನ ಹಿರಿಯ ಎಂದು ಮೊದಲ ಆಯೇರಿ ಕಾಕಾನಿಗೇ ಬಂತು. ಹಿತ್ತಾಳೆಯ ತಟ್ಟೆಯಲ್ಲಿ ಧೋತರ, ಎಲೆ ಅಡಿಕೆ, ತೆಂಗಿನಕಾಯಿ. ಅದನ್ನು ಒಂದು ಕೈಯಲ್ಲಿ ತೆಗೆದುಕೊಂಡರೆ ಬೀಗರಿಗೆ ಅವಮಾನ. ಎರಡೂ ಕೈಯಲ್ಲಿ ಹಿಡಿದು, ಕಣ್ಣಿಗೆ ಒತ್ತಿಕೊಂಡು, ಆರತಿ ಮುಗಿಯುವ ತನಕ ಹಿಡಿದೇ ನಿಲ್ಲಬೇಕು. ಕಾಕಾ, "ಆಮ್ಯಾಲ ತಗೊಂಡ್ರ ಆತು ಬಿಡ್ರಿ" ಎಂದ. ಬೀಗರು ಕೇಳುತ್ತಾರೆಯೇ?

ಅಷ್ಟರಲ್ಲಿ ಬೆಳ್ಳವ್ವ ಕುಣಿಯತೊಡಗಿಯೇ ಬಿಟ್ಟಿದ್ದಳು. ಮೇಲಿನಿಂದ ನನ್ನ ಮಗ, "ಯವ್ವಾ, ಇಳಸ್ರಿ ನನ್ನ! ನಡಕೊಂತ ಬರ್ತೀನಿ!" ಎಂದು ಕೂಗುತ್ತಿದ್ದ. ಮಂದಿ ಹಿಂದೆ ಸರಿದರು. ಕಾಕಾನ ಮಗ ತಲೆ ತಗ್ಗಿಸಿ ನಿಂತ. ಕಾಕಾ ಸುತ್ತ ನೋಡಿದ. ಹತ್ತಿರ ಇದ್ದವಳು ನಾನೊಬ್ಬಳೇ, ರೇಷ್ಮೆ ಸೀರೆಯಲ್ಲಿ.

"ಹಿಡಿಯವ್ವಾ ಇದನ್ನ."

"ನಾನಾ?"

"ನೀನ. ಹಿಡಿ."

ಹಗ್ಗ ನನ್ನ ಕೈಗೆ ಬಂತು. ಹೆದರಿಕೆಗೆ ನನ್ನ ಕೈ ಮರಗಟ್ಟಿ ಹೋಯಿತು, ಒಂದು ಬೆರಳೂ ಅಲುಗಲಿಲ್ಲ. ಬೆಳ್ಳವ್ವ ಎತ್ತಿದ ಕಾಲು ಕೆಳಗಿಟ್ಟಳು. ನಾಲ್ಕೂ ಕಾಲು ಊರಿ ನಿಂತಳು. ಒಂದು ದೊಡ್ಡ ನಿಟ್ಟುಸಿರು ಬಿಟ್ಟು, ತನ್ನ ಗದ್ದವನ್ನು ನನ್ನ ಹೆಗಲ ಮೇಲಿಟ್ಟು, ಹೊಸ ಸೀರೆಯ ಮೇಲೆ ಜೊಲ್ಲು ಸುರಿಸಿದಳು. ಎಲ್ಲರೂ ಬಾಯಿ ತೆರೆದು ನೋಡುತ್ತಿದ್ದರು. ಆ ನಿಶ್ಶಬ್ದದಲ್ಲಿ ನನ್ನ ಪಕ್ಕದಲ್ಲೇ ಒಂದು ಸದ್ದು ಕೇಳಿಸಿತು.

ಕಟಕಟ, ಕಟಕಟ.

ಹಿತ್ತಾಳೆಯ ತಟ್ಟೆಯಲ್ಲಿ ತೆಂಗಿನಕಾಯಿ ಬಡಿದುಕೊಳ್ಳುತ್ತಿತ್ತು. ತಟ್ಟೆ ಹಿಡಿದ ಕಾಕಾನ ಎರಡೂ ಕೈಗಳು ನಡುಗುತ್ತಿದ್ದವು. ನಿಲ್ಲಿಸಬೇಕೆಂದು ಅವನು ಹಲ್ಲು ಕಚ್ಚಿ ಬಿಗಿ ಹಿಡಿದಷ್ಟೂ ಕಾಯಿ ಜೋರಾಗಿ ಬಡಿಯುತ್ತಿತ್ತು. ಅವನು ಬೆಳ್ಳವ್ವನನ್ನು ನೋಡಿದ. ನನ್ನ ಕೈಯಲ್ಲಿದ್ದ ಹಗ್ಗವನ್ನು ನೋಡಿದ. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ. ನನಗೆ ತಿಳಿದ ಹೊತ್ತಿಗೇ ಅವನಿಗೂ ತಿಳಿಯಿತು.

ಮಾತು ಕೇಳುವುದಿಲ್ಲ ಎಂದು ಊರೆಲ್ಲ ಬೈದ ಬೆಳ್ಳವ್ವ, ಕಾಕಾನ ಮಾತನ್ನೇ ಕೇಳುತ್ತಿದ್ದಳು. ನಡೆಯುವಾಗ ಆ ಕೈ ಹೇಗೋ ಸುಮ್ಮನಿರುತ್ತಿತ್ತು, ನಿಂತಾಗ ನಡುಗುತ್ತಿತ್ತು, ಹಗ್ಗ ಅಲುಗುತ್ತಿತ್ತು. ಆರತಿಯ ಮುಂದೆ, ಹೆಣದ ಮುಂದೆ, ಡಾಕ್ಟರರ ಮುಂದೆ ಆ ಹಗ್ಗ ಕುಣಿ ಎಂದಿತು, ಅವಳು ಕುಣಿದಳು. ಕಂಬದ ಕೈ ನಡುಗುವುದಿಲ್ಲವಲ್ಲ! ಗಡ್ಡ ಬಂದದ್ದು ರೇಜರ್ ಹಿಡಿಯಲಾಗದ್ದಕ್ಕೆ. ಜುಬ್ಬಾ ಬಂದದ್ದು ಗುಂಡಿ ಹಾಕಲಾಗದ್ದಕ್ಕೆ. ಇನ್ನು ಆ ಅರ್ಧ ಕಪ್ ಚಹಾ. ಅದನ್ನು ನಾನು ಮನೆ ತುಂಬ ಜನರ ಎದುರು ಕುಡಿದು ತೋರಿಸಿದ್ದೆ, ಅವನು ನನ್ನ ಜೊತೆ ನಕ್ಕಿದ್ದ. ನನಗೆ ಆದ ನಾಚಿಕೆ ಅಷ್ಟಿಷ್ಟಲ್ಲ.

ಚಿಗವ್ವ ಎಲ್ಲಿದ್ದಳೋ, ಬಂದು ತಟ್ಟೆಯ ಕೆಳಗೆ ತನ್ನ ಎರಡು ಕೈಯನ್ನೂ ಸೇರಿಸಿದಳು. ಜೋಡಿಯಾಗಿ ಆಯೇರಿ ತೆಗೆದುಕೊಳ್ಳುವುದು ತಮ್ಮ ಮನೆತನದ ಪದ್ಧತಿಯೇ ಎಂಬಂತೆ ನಿಂತಳು. ಕಾಯಿಯ ಸದ್ದು ನಿಂತಿತು. ಆರತಿ ಮುಗಿಯಿತು. ನಾನು ಹಗ್ಗವನ್ನು ಕಾಕಾನ ಕಡೆ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ.

"ನಿನ್ನ ಕೈಯಾಗ ಇರಲಿ" ಎಂದು ಮೆಲ್ಲಗೆ ಹೇಳಿದ. "ಎರಡ ಬೆರಳಿಂದ ಸಣ್ಣಗ ಅಲಗಿಸು. ಮಂದಿ ಕುಣಿತ ನೋಡಾಕ ಕಾಯಾಕತ್ಯಾರ."

ಅಲುಗಿಸಿದೆ. ಹಲಗಿ ಬಿತ್ತು, ಬೆಳ್ಳವ್ವ ಕುಣಿದಳು. "ರೈಟ್" ಎಂದ ಕಾಕಾ. ಮಂಟಪದವರೆಗೆ ನಾನೇ ನಡೆಸಿಕೊಂಡು ಹೋದೆ. ದಾರಿಯಲ್ಲಿ ಒಂದು ಬಸ್ ಸ್ಟಾಪ್ ಇತ್ತು, ಅಲ್ಲಿ ಒಂದು ನಿಮಿಷ ನಿಲ್ಲಿಸಿದೆ. ಯಾರೂ ಯಾಕೆ ಎಂದು ಕೇಳಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಮಂಟಪದ ಹಿಂದಿನ ಬೇವಿನ ಗಿಡದ ಕೆಳಗೆ ಹೋದೆ. ಕಾಕಾ ಬೆಳ್ಳವ್ವನ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಕೈ ನಡುಗುತ್ತಲೇ ಇತ್ತು, ಅವಳು ಕಣ್ಣು ಮುಚ್ಚಿ ನಿಂತಿದ್ದಳು.

"ನಿಂದೇನೂ ತಪ್ಪಿಲ್ಲವ್ವ" ಎಂದು ಅವಳಿಗೆ ಹೇಳುತ್ತಿದ್ದ. "ನಾ ಹೇಳಿದ್ದ ನೀ ಮಾಡಿದಿ. ನಾನ ಹುಚ್ಚ, ನಿನಗ ಹುಚ್ಚಿ ಅಂದೆ."

ಚಿಗವ್ವ ಚಹಾದ ಕಿಟ್ಲಿ ತಂದಳು. ರೂಢಿಯಂತೆ ಅರ್ಧ ಕಪ್ಪು ಹಾಕಿ ನಿಲ್ಲಿಸಿದಳು. ಕಾಕಾ ಕಪ್ಪನ್ನು ನೋಡಿದ.

"ತುಂಬ ಹಾಕು."

"ಚೆಲ್ಲತೈತಿ."

"ಚೆಲ್ಲಲಿ. ಹಾಕು."

ಚಿಗವ್ವ ಹಾಕಿದಳು. ಹಾಕುತ್ತ, "ಹೇಮಗುಡ್ಡದಾಗ ನಾ ಬೇಡ್ಕೊಂಡಿದ್ದು ಕುದ್ರಿ ಸಲುವಾಗಿ ಅಲ್ಲ" ಎಂದಳು. ಕಾಕಾ ಅವಳ ಮುಖವನ್ನೇ ನೋಡಿದ. ಅವಳು ಅಲ್ಲೇ ದೂರದಲ್ಲಿ ನಿಂತಿದ್ದ ಮಗನಿಗೆ ಕೂಗಿ ಹೇಳಿದಳು. "ಏ, ಆ ವ್ಯಾಪಾರಿಗೆ ಬರಬ್ಯಾಡ ಅಂತ ಫೋನ್ ಮಾಡು. ನನ್ನ ಸವತಿ ಎಲ್ಲಿಗೂ ಹೋಗಂಗಿಲ್ಲ. ನಾಳಿ ಕೊಪ್ಪಳದ ದವಾಖಾನಿಗೆ ನಿಮ್ಮಪ್ಪನ್ನ ಕರಕೊಂಡು ಹೋಗೂದೈತಿ."

ಕಾಕಾ ಗೋಡೆಯ ಕಡೆ ತಿರುಗಲಿಲ್ಲ. ನಮ್ಮೆಲ್ಲರ ಎದುರಿಗೇ ತುಂಬಿದ ಕಪ್ಪನ್ನು ಎತ್ತಿದ. ಚಹಾ ತುಳುಕಿ ಬೆರಳ ಮೇಲೆ, ಗಡ್ಡದ ಮೇಲೆ, ಜುಬ್ಬಾದ ಮೇಲೆ ಚೆಲ್ಲಿತು. ನಾನು ಬಸಿಯನ್ನು ಕಪ್ಪಿನ ಕೆಳಗೆ ಹಿಡಿದು ನಿಂತೆ. ಅವನು ಕಪ್ಪು ಖಾಲಿ ಮಾಡಿ, ನನ್ನ ಕೈಯಲ್ಲಿದ್ದ ಬಸಿಗೆ ಬಾಯಿ ಹಚ್ಚಿ, ಚೆಲ್ಲಿದ್ದನ್ನೂ ಮೊದಲಿನ ಹಾಗೆ ಸುರ್ ಎಂದು ಹೀರಿದ.